ಬಯಕೆಗೆ ಬಿದ್ದ ಜಿಂಕೆ

ಮೊನ್ನೆ ಮಗಳು ಮಡಿಕೇರಿಗೆ ಹೋದವಳು ಒಂದು ಬಾಟಲಿ ಕಾಚಂಪುಳಿ ತಂದಳು. ಮುಚ್ಚಳ ತೆಗೆದದ್ದೇ ತಡ, ಆ ಕಪ್ಪು ಹುಳಿಯ ಘಾಟು ಅಡುಗೆಮನೆಯೆಲ್ಲ ತುಂಬಿತು. ನಾನು ಬಾಟಲಿ ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತುಬಿಟ್ಟೆ. ಚೆಂಬೂರಿನ ಎದುರುಮನೆ ಮಾಮ ನೆನಪಾದರು...

ಎಂಬತ್ತರ ದಶಕದ ಮಾತು. ಮಾಮ ಕೊಡಗಿನವರು, ರಿಫೈನರಿಯಲ್ಲಿ ಫೋರ್‌ಮನ್. ಮನೆಯ ಗೋಡೆಯಲ್ಲಿ ಎರಡು ಕೊಕ್ಕೆ, ಅದರ ಮೇಲೆ ಕೋವಿ. ಪ್ರತಿ ಚಳಿಗಾಲ ಗೆಳೆಯರ ಜೊತೆ ಜೀಪಿನಲ್ಲಿ ಘಾಟಿನಾಚೆಯ ಕಾಡಿಗೆ ಹೋಗುತ್ತಿದ್ದರು. ಆಗ ಬೇಟೆಗೆ ಸರಕಾರವೇ ಪರ್ಮಿಟ್ ಕೊಡುತ್ತಿತ್ತು, ಒಬ್ಬರಿಗೆ ಒಂದೇ ಗಂಡು ಜಿಂಕೆ. ಭಾನುವಾರ ಅವರ ಮನೆಯಲ್ಲಿ ಸೇರುವ ಗೆಳೆಯರಿಗೆ ಅದೇ ಸಂಕಟ. ಮೊದಲು ಎರಡಿತ್ತು, ಈಗ ಒಂದಕ್ಕಿಳಿಸಿದ್ದಾರೆ, ಆಫೀಸಲ್ಲಿ ಕೂತವರಿಗೆ ಕಾಡೇನು ಗೊತ್ತು, ಗಾಯವಾಗಿ ಓಡಿದ್ದನ್ನೂ ಲೆಕ್ಕಕ್ಕೆ ಹಿಡಿದರೆ ಹೇಗೆ ಎಂದು ಗಲಾಟೆಯೋ ಗಲಾಟೆ. ನಮ್ಮ ಮನೆಗೂ ಕೇಳಿಸುತ್ತಿತ್ತು. ಮಾಮ ಮಾತ್ರ, "ಗುಂಡು ತಾಗಿತಾ, ನಮ್ಮ ಪಾಲು ಮುಗೀತು. ಸಿಕ್ಕಿದ್ರೂ ಅಷ್ಟೇ, ಸಿಗದಿದ್ರೂ ಅಷ್ಟೇ" ಎಂದು ಎಲ್ಲರ ಬಾಯಿ ಮುಚ್ಚಿಸುತ್ತಿದ್ದರು.

ನಾನಾಗ ಚೊಚ್ಚಲ ಬಸುರಿ. ಉಡುಪಿಯ ತವರು ದೂರ, ಗಂಡನಿಗೆ ಹೋಟೆಲು ಬಿಟ್ಟು ಬರಲು ಪುರುಸೊತ್ತಿಲ್ಲ. ಮಾಮ ಬೇಟೆಗೆ ಹೊರಟ ದಿನ ಮೆಟ್ಟಿಲಲ್ಲಿ ಎದುರಾದರು. ನನ್ನ ಹಾಳು ಬಾಯಿ ಸುಮ್ಮನಿರಬೇಕಲ್ಲ!

"ಮಾಮ, ನಂಗೆ ಜಿಂಕೆ ಮಾಂಸ ತಿನ್ನುವ ಆಸೆ ಆಗ್ತಾ ಉಂಟು."

ಅವರ ಮುಖ ಅರಳಿತು. "ಬಸುರಿ ಬಯಕೆಗೆ ಇಲ್ಲ ಅನ್ನೋಕಾಗುತ್ತಾ ಮಗಳೇ? ತಂದೇ ತರ್ತೀನಿ."

ತಂದರು. ಕಾಚಂಪುಳಿ ಹಾಕಿ ತಾವೇ ಬೇಯಿಸಿ, ಸ್ಟೀಲ್ ಡಬ್ಬಿ ತುಂಬ ಕೊಟ್ಟರು. ಮುಖ ಯಾಕೋ ಬಾಡಿತ್ತು. ಮುಚ್ಚಳ ತೆಗೆದೆ ನೋಡಿ, ಆ ಘಾಟಿಗೆ ಹೊಟ್ಟೆ ತೊಳಸಿ ಬಂತು. ಒಂದು ಚೂರೂ ಬಾಯಿಗಿಡಲಾಗಲಿಲ್ಲ. ಎಲ್ಲವನ್ನೂ ಕಸಕ್ಕೆ ಸುರಿದು, ಸಂಜೆ ಡಬ್ಬಿ ತೊಳೆದು ವಾಪಸು ಕೊಡುತ್ತ, "ಎಂಥಾ ರುಚಿ ಮಾಮ!" ಎಂದೆ.

ನಡೆದದ್ದನ್ನು ಆಮೇಲೆ ಮಾಮಿ ಹೇಳಿದರು. ಮಾಮನ ಗುಂಡು ತಾಗಿದ ಜಿಂಕೆ ಪೊದೆಯೊಳಗೆ ನುಗ್ಗಿ ಕಾಣೆಯಾಯಿತಂತೆ. ಕತ್ತಲಾಗುವವರೆಗೆ ಹುಡುಕಿದರಂತೆ. ಬಸುರಿಗೆ ಮಾತು ಕೊಟ್ಟು ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಮರುದಿನ ಇನ್ನೊಂದನ್ನು ಹೊಡೆದರಂತೆ. ಅದನ್ನು ಹೊತ್ತು ಬರುವ ದಾರಿಯಲ್ಲೇ, ತೊರೆಯ ಪಕ್ಕ, ಮೊದಲನೆಯದು ಸತ್ತು ಬಿದ್ದಿತ್ತು.

ಮನೆಗೆ ಬಂದ ಮೇಲೆ ಮಾಮನಿಗೆ ನಿದ್ದೆಯಿಲ್ಲ. ಯಾರಿಗೂ ಗೊತ್ತಾಗದು ಎಂದು ಗೆಳೆಯರು ಎಷ್ಟು ಹೇಳಿದರೂ ಕೇಳದೆ, ತಾವೇ ಅರಣ್ಯ ಕಚೇರಿಗೆ ಹೋಗಿ ಒಪ್ಪಿಕೊಂಡರು. ಪರ್ಮಿಟ್ ಹೋಯಿತು, ಕೋವಿಯೂ ಹೋಯಿತು. ಗೋಡೆಯಲ್ಲಿ ಕೊಕ್ಕೆ ಉಳಿಯಿತು. ಮುಂದೆ ಬೇಟೆಯೇ ಬಂದ್ ಆಯಿತು, ಅದು ಬೇರೆ ಮಾತು.

ನನ್ನ ಮಗಳು ಆ ಮನೆಯಲ್ಲೇ ಆಡಿ ಬೆಳೆದಳು. ಸ್ಕೂಲಿನಿಂದ ಬಂದವಳೇ ಆ ಕೊಕ್ಕೆಗೆ ಬ್ಯಾಗು ನೇತುಹಾಕುತ್ತಿದ್ದಳು. ಒಂದು ದಿನ ಅದನ್ನೇ ನೋಡುತ್ತಾ ಮಾಮ ನನ್ನ ಹತ್ತಿರ ಹೇಳಿದರು: "ತಪ್ಪು ತಪ್ಪೇ ಮಗಳೇ. ಆದ್ರೆ ಆ ಎರಡನೇದು ನಿನ್ನ ಹೊಟ್ಟೆಗೆ ಸೇರ್ತಲ್ಲ, ಅದೊಂದೇ ಸಮಾಧಾನ."

ನಾನು ಹೂಂ ಎಂದೆ. ಅವರು ತೀರಿಕೊಳ್ಳುವವರೆಗೂ ನಿಜ ಹೇಳಲು ಬಾಯಿ ಬರಲಿಲ್ಲ...

"ಮಮ್ಮಿ, ಇದನ್ನ ಯಾವುದಕ್ಕೆ ಹಾಕೋದು?" ಮಗಳು ಬಾಟಲಿ ಕಸಿದುಕೊಂಡು ಕೇಳಿದಳು. ಕೋಳಿಗೆ ಹಾಕು ಎಂದೆ. ಮಾಡಿ ಬಡಿಸಿದಳು. ಈ ಸಲ ಒಂದು ಚೂರೂ ಬಿಡದೆ ತಿಂದೆ. ಖಾಲಿ ತಟ್ಟೆ ತೋರಿಸೋಣವೆಂದರೆ ಎದುರುಮನೆಯಲ್ಲಿ ಮಾಮ ಇಲ್ಲ.