ಮೂಗಿನ ಮೇಲಿನ ತೂತು

...ಅಥವಾ ಆ ಊರು ಮೊಸಳೆ ಅಲ್ಲವೇ ಅಲ್ಲ, ಬೂವನಹಳ್ಳಿ ಇರಬಹುದು. ಅನೇಕ ಊರುಗಳ ಜಗಲಿಗಳು ನನ್ನ ತಲೆಯಲ್ಲಿ ಬೆರೆತು ಒಂದೇ ಜಗಲಿಯಾಗಿವೆ. ಅದರ ಮೇಲೆ ಬಾಗಿಲಿಗೆ ಬೆನ್ನು ಹಾಕಿ, ಬೀದಿಯ ಕಡೆ ಮುಖ ಮಾಡಿ ಕೂತಿದ್ದೇನೆ. ಅಷ್ಟು ನಿಜ. ಐವತ್ತರ ದಶಕದ ಕೊನೆ ಎನ್ನುವುದೂ ನಿಜವೇ ಇರಬೇಕು, ಯಾಕೆಂದರೆ ಅವ್ವ ಆಗ ಇನ್ನೂ ಗಟ್ಟಿಯಾಗಿದ್ದಳು.

ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದ ನನಗೆ ಸಿಕ್ಕ ಮೊದಲ ಕೆಲಸ ವಿಚಿತ್ರವಾದದ್ದು. ಹಾಸನದ ಸುತ್ತಿನ ಹಳ್ಳಿಗಳ ಹೆಂಗಸರು ಎಷ್ಟು ಸಲ ಬಸುರಾದರು, ಎಷ್ಟು ಮಕ್ಕಳು ಉಳಿದವು ಎಂದು ಕೇಳಿ ಬರೆದುಕೊಳ್ಳುವುದು. ಗಂಡಸು ಕೇಳುವ ಮಾತಲ್ಲ. ಹಾಗಾಗಿ ಒಬ್ಬ ನರ್ಸಮ್ಮ ನನ್ನ ಜೊತೆ ಬರುತ್ತಿದ್ದರು. ಅವರು ಒಳಗೆ ಹೋಗಿ ಕೇಳಿ, ಉತ್ತರವನ್ನು ಅಲ್ಲಿಂದಲೇ ಕೂಗಿ ಹೇಳುತ್ತಿದ್ದರು. ನಾನು ತಿರುಗಿ ನೋಡದೆ ಬರೆದುಕೊಳ್ಳುತ್ತಿದ್ದೆ.

ಎಷ್ಟು ಮಕ್ಕಳು ಎಂದು ಕೇಳಿದರೆ ಇರುವವರನ್ನಷ್ಟೇ ಹೇಳುತ್ತಿದ್ದರು. ಹೆಸರಿಡುವ ಮೊದಲೇ ಹೋದ ಕೂಸುಗಳು ಬಾಯಿಗೆ ಬರುತ್ತಿರಲಿಲ್ಲ. ಮರೆತಿದ್ದರು ಅಂತಲ್ಲ. ಹೋದವನ್ನು ಎಣಿಸಿದರೆ ಅವು ಬಂದು, ಉಳಿದಿರುವುದನ್ನೂ ಕರೆದುಕೊಂಡು ಹೋಗುತ್ತವೆ ಎಂಬ ಭಯ. ಆಮೇಲೆ ನಾವು ಪ್ರಶ್ನೆ ಬದಲಾಯಿಸಿದೆವು: ಎಷ್ಟು ಸಲ ಬಾಣಂತಿ ನೀರು ಹಾಕಿಸಿಕೊಂಡಿರಿ? ಕೂಸು ಉಳಿದರೂ ಹೋದರೂ ಹಾಕುವ ಆ ನೀರಿನ ಲೆಕ್ಕ ಹೇಳಲು ಅಷ್ಟು ಹೆದರುತ್ತಿರಲಿಲ್ಲ.

ಆ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಒಬ್ಬ ಮುದುಕಿ ಕೂತಿದ್ದಳು. ಒಳಗೆ ನರ್ಸಮ್ಮ ಅವಳ ಸೊಸೆಯನ್ನು ಕೇಳುತ್ತಿದ್ದರೆ, ಇವಳು ಬಗ್ಗಿ ನನ್ನ ಮುಖವನ್ನೇ ನೋಡಿದಳು.

"ಏ ನರ್ಸಮ್ಮ, ನಿಮ್ ಸಾಯೇಬ್ರು ಮೂಗ್ ಚುಚ್ಸವ್ರಲ್ಲಮ್ಮ! ಮೂಗ್ಬೊಟ್ಟು ಎಲ್ಲಿ ಸಾ, ಮಾರ್ಕಂಡ್ರಾ?"

"ಸುಮ್ಕಿರತ್ತೆ, ಅಂಗೆಲ್ಲ ಅನ್ಬಾರ್ದು," ಎಂದು ಸೊಸೆ ಒಳಗಿನಿಂದ ನಕ್ಕಳು.

"ಯಾಕ್ ಸುಮ್ಕಿರ್ಲಿ? ನಮ್ ಹೊಟ್ಟೆ ಇಚಾರ ಅವ್ರು ಕೇಳ್ಬೋದು, ನಾವ್ ಕೇಳ್ಬಾರ್ದಾ? ಇವ್ರವ್ವಂಗೆ ಒಂದೂ ಉಳೀದೆ ಕೊನೀಗ್ ಇವ್ರ್ ಉಳ್ಕಂಡವ್ರೆ ಕಣ. ತಿಪ್ಪೆ ಮ್ಯಾಲೆ ಮಲುಗ್ಸಿ ಎತ್ಕಂಡಿರ್ತಾರೆ. ನಿಮ್ಮವ್ವ ಎಷ್ಟ್ ಸಲ ನೀರ್ ಉಯ್ಸ್ಕಂಡ್ರು ಸಾ?"

ನಾನೂ ನಕ್ಕೆ ಅನ್ನಿಸುತ್ತದೆ. ಸಾಲಾಗಿ ಕೂಸುಗಳು ಹೋದ ಮೇಲೆ ಹುಟ್ಟಿದ ಗಂಡುಮಗುವಿಗೆ ಮೂಗು ಚುಚ್ಚಿಸಿ, ಸಾವಿನ ಕಣ್ಣಿಗೆ ಬೇಡದ್ದೆಂದು ಕಾಣುವಂತೆ ಮಾಡುವ ಪದ್ಧತಿ ನನಗೆ ಗೊತ್ತಿತ್ತು. ಅದು ಬೇರೆಯವರ ಮನೆಯದು ಎಂದುಕೊಂಡಿದ್ದೆ. ನನ್ನದು ಹರಕೆಗೆ ಚುಚ್ಚಿಸಿದ್ದು ಎಂದು ಅವ್ವ ಹೇಳಿದ್ದಳು. ನಾನು ಅವಳ ಒಬ್ಬನೇ ಮಗ.

ಅವ್ವ ಹಾಸನದ ಬಾಡಿಗೆ ಮನೆಯಲ್ಲಿ ನನ್ನ ಜೊತೆಗೇ ಇದ್ದಳು. ಮಾರನೆಯ ಬೆಳಿಗ್ಗೆ, ಅವಳು ಮೊರದಲ್ಲಿ ರಾಗಿ ಕೇರುತ್ತಿದ್ದಾಗ ಕೇಳಿದೆ.

"ಅವ್ವ, ನನಗಿಂತ ಮುಂಚೆ ಯಾರಾದ್ರೂ ಇದ್ರಾ?"

"ನಿನಗಿಂತ ಮುಂಚೆ ನಿಮ್ಮಪ್ಪ ಇದ್ದ ಕಣ್ಲಾ. ಓಗು, ನೀರ್ ಕಾದದೆ, ಮೈ ತೊಳ್ಕೊ."

ಮೊರ ನಿಂತಿತು ಎಂದು ನೆನಪು. ನಿಂತಿರಲಿಲ್ಲವೇನೋ, ನಾನೇ ಆಮೇಲೆ ನೆನಪಿನಲ್ಲಿ ನಿಲ್ಲಿಸಿರಬಹುದು.

ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದ. ಅರಕಲಗೂಡಿಗೆ ಹೋಗಿ ಕೇಳಿದರೆ ಸೋದರತ್ತೆ, "ನಾನಾಗ ಮದ್ವೆಯಾಗಿ ಬಂದ್ಬುಟ್ಟಿದ್ದೆ, ನಂಗೇನ್ ಗೊತ್ತು?" ಎಂದು ನನಗೆ ಇನ್ನೊಂದು ಮುದ್ದೆ ಹಾಕಿದಳು. ಕೊನೆಗೆ ನರ್ಸಮ್ಮನನ್ನೇ ಮನೆಗೆ ಕರೆದುಕೊಂಡು ಬಂದೆ. ಹಳ್ಳಿಗಳಲ್ಲಿ ಮಾಡುತ್ತಿದ್ದಂತೆಯೇ ಅವರು ಒಳಗೆ ಹೋದರು, ನಾನು ಜಗಲಿಯ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತೆ. ಪಿಸುಮಾತು ಕೇಳುತ್ತಿತ್ತು. ಅವ್ವ ಅತ್ತಳೋ, ಒಗ್ಗರಣೆಯ ಘಾಟಿಗೆ ಮೂಗು ಸೀಟಿದಳೋ ತಿಳಿಯಲಿಲ್ಲ. ನರ್ಸಮ್ಮ ಏನನ್ನೂ ಕೂಗಿ ಹೇಳಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಮಾತು ಕೊಟ್ಬಿಟ್ಟಿದ್ದೀನಿ ಸಾರ್. ಕೇಳ್ಬೇಡಿ."

ನಾವು ಆಮೇಲೂ ಒಟ್ಟಿಗೆ ಹಳ್ಳಿ ಸುತ್ತಿದೆವು. ಹೊಳೆನರಸೀಪುರದ ಕಡೆ ಒಂದು ಬೇಸಿಗೆಯೆಲ್ಲ ಓಡಾಡಿದೆವು. ಬೇರೆ ಎಲ್ಲ ಹೆಂಗಸರ ಉತ್ತರವನ್ನೂ ಅವರು ಕೂಗಿ ಹೇಳಿದರು, ನಾನು ಬರೆದುಕೊಂಡೆ.

ಅರವತ್ತರ ದಶಕದ ಮಧ್ಯದಲ್ಲಿ ಅವ್ವ ಹೋದಳು. ನರ್ಸಮ್ಮನಿಗೆ ಅಷ್ಟರಲ್ಲಿ ಚನ್ನರಾಯಪಟ್ಟಣಕ್ಕೆ ವರ್ಗವಾಗಿತ್ತು. ತಿಥಿ ಮುಗಿಸಿ ಬಸ್ಸು ಹತ್ತಿದೆ. ಶಾಂತಿಗ್ರಾಮ ದಾಟುವಾಗ, ಇನ್ನು ಆ ಮಾತಿಗೆ ಕಟ್ಟುಬೀಳುವ ಅಗತ್ಯವಿಲ್ಲವೆಂದು ಅವರಿಗೆ ಹೇಗೆ ಹೇಳಬೇಕು ಎಂದು ಒಳಗೊಳಗೇ ಅಭ್ಯಾಸ ಮಾಡುತ್ತಿದ್ದೆ. ಬೋಳಿಸಿದ ನನ್ನ ತಲೆ ನೋಡಿದ ಕೂಡಲೇ ಅವರಿಗೆ ಎಲ್ಲ ಗೊತ್ತಾಯಿತು. ಕಾಫಿ ಕೊಟ್ಟರು.

"ಇನ್ನು ಹೇಳ್ಬಹುದಲ್ಲ ಸಿಸ್ಟರ್. ಅವ್ವನೇ ಇಲ್ಲ."

"ನಿಮ್ಮವ್ವ ಇರೋಗಂಟ ಅಂತಲ್ಲ ಸಾರ್ ಮಾತು," ಎಂದರು. "ನೀವು ಇರೋಗಂಟ. 'ನನ್ ಮಗ ಬದುಕಿರೋಗಂಟ ಯಾರ್ಗೂ ಯೋಳ್ಬ್ಯಾಡ ಕಣವ್ವ' ಅಂತ ಕೈ ಮೇಲೆ ಕೈ ಇಟ್ಟು ಹೇಳಿಸ್ಕೊಂಡ್ರು."

ಈ ಲೋಕದಲ್ಲಿ ಅದನ್ನು ಎಂದಿಗೂ ತಿಳಿಯಲಾಗದವನು ನಾನೊಬ್ಬನೇ, ಬದುಕಿದ್ದೇನೆ ಎಂಬ ಕಾರಣಕ್ಕೆ. ಕಾಫಿ ಕುಡಿದೆ. ಬಿಸಿಯಿತ್ತೋ ಆರಿತ್ತೋ ನೆನಪಿಲ್ಲ.

ಮುಂದೆ ನನ್ನ ಉದ್ಯೋಗವೆಲ್ಲ ಇದೇ ಆಯಿತು: ಗರ್ಭ ನಿಲ್ಲುವುದು, ಇಳಿಯುವುದು, ಹೆಂಗಸರು ಹೇಳದೆ ಬಿಟ್ಟವನ್ನು ಅಂದಾಜು ಮಾಡುವ ಸೂತ್ರಗಳು. ಪ್ರಯೋಗಶಾಲೆಯಲ್ಲಿ ಒಮ್ಮೆ ಇಲಿಯ ಗರ್ಭಕೋಶವನ್ನು ಬಿಡಿಸಿ ತೋರಿಸಿದರು. ಕರಗಿಹೋದ ಭ್ರೂಣ ಅಂಟಿಕೊಂಡಿದ್ದ ಕಡೆಯಲ್ಲೆಲ್ಲ ಒಂದೊಂದು ಕಪ್ಪು ಕಲೆ ಉಳಿದಿತ್ತು. ಎಣಿಸಿ ಎಂದರು. ನಾನು ಎದ್ದು ಹೊರಗೆ ಹೋದೆ. ಹಾಗೆಂದು ಈಗ ಬರೆಯುತ್ತಿದ್ದೇನೆ. ಅಲ್ಲೇ ನಿಂತು ಎಣಿಸಿಯೂ ಇರಬಹುದು, ಅದು ನನ್ನ ಕೆಲಸವಾಗಿತ್ತು.

ಸೂತ್ರಗಳು ಒಂದು ಜಿಲ್ಲೆಗೆ ಉತ್ತರ ಹೇಳುತ್ತವೆ, ಒಬ್ಬ ಹೆಂಗಸಿಗೆ ಹೇಳುವುದಿಲ್ಲ. ನರ್ಸಮ್ಮನೂ ಈಗ ಇಲ್ಲ. ಅವ್ವ ಅವರಿಗೆ ನಿಜವಾಗಿ ಏನಾದರೂ ಹೇಳಿದ್ದಳೋ, ಬರೀ ಮಾತು ತೆಗೆದುಕೊಂಡು ಸುಮ್ಮನಾದಳೋ, ಅದೂ ತಿಳಿಯದು. ಮೂಗಿನ ತೂತು ಮುಚ್ಚಿಕೊಂಡಿದೆ, ಕ್ಷೌರ ಮಾಡಿಕೊಳ್ಳುವಾಗ ಬೆರಳಿಗೆ ಸಿಗುತ್ತದೆ. ನನಗಿಂತ ಮುಂಚೆ ಎಷ್ಟು ಜನ ಇದ್ದರು, ಅವರು ಗಂಡೋ ಹೆಣ್ಣೋ, ಯಾರಾದರೂ ಇದ್ದರೇ ಎನ್ನುವುದು ಸಹ ನನಗೆ ಗೊತ್ತಿಲ್ಲ.