ಟ್ಯೂಬ್‌ಲೈಟಿನ ಕೆಳಗಿನ ಹಸಿರು

ನನ್ನ ಬರೆಯುವ ಮೇಜಿನ ಮೇಲೆ ಕೆಮ್ಮಿನ ಔಷಧಿಯ ನಾಲ್ಕು ಖಾಲಿ ಸೀಸೆಗಳು ಸಾಲಾಗಿ ಕೂತಿದ್ದವು. ಖಾಲಿಯಾಗಿದ್ದದ್ದು ಔಷಧಿ ಮಾತ್ರ. ಒಳಗೆ ತುಂಬಿದ್ದು ಹಸಿರು ಬಣ್ಣ, ನಾಲ್ಕರಲ್ಲೂ ನಾಲ್ಕು ಬಗೆಯದು. ತೊಂಬತ್ತರ ದಶಕದ ಕೊನೆಯ ಆ ಬೇಸಿಗೆಯಲ್ಲಿ ದಾವಣಗೆರೆಯ ವಿನೋಬನಗರದ ನಮ್ಮ ಮನೆಗೆ ಯಾರೇ ಬಂದರೂ ಮೊದಲು ಸೀಸೆಗಳ ದರ್ಶನ, ಆಮೇಲೆ ಚಹಾ. ನೀವು ಬಂದಿದ್ದರೆ ನಿಮ್ಮನ್ನೂ ಬಿಡುತ್ತಿರಲಿಲ್ಲ.

ಬಣ್ಣ ಬೇಕಿದ್ದದ್ದು ಅಂಗೈಯಗಲದ ಒಂದು ಪ್ಲಾಸ್ಟಿಕ್ ಕಾರಿಗೆ. ಭಾವಮೈದುನ ಮುಂಬಯಿಯಿಂದ ತಂದುಕೊಟ್ಟ ಪೆಟ್ಟಿಗೆಯಲ್ಲಿದ್ದ ಬಿಡಿಭಾಗಗಳನ್ನು ಜೋಡಿಸಿದರೆ ನಲವತ್ತು ವರ್ಷ ಹಿಂದಿನ ಇಂಗ್ಲೆಂಡಿನ ರೇಸ್ ಕಾರೊಂದು ಮೈದಾಳುತ್ತಿತ್ತು. ಆಗ ರೇಸಿನಲ್ಲಿ ದೇಶಕ್ಕೊಂದು ಬಣ್ಣ: ಇಟಲಿಗೆ ಕೆಂಪು, ಫ್ರಾನ್ಸಿಗೆ ನೀಲಿ, ಇಂಗ್ಲೆಂಡಿಗೆ ಹಸಿರು. ಆದರೆ ಎಂಥ ಹಸಿರು? ಪೆಟ್ಟಿಗೆಯ ಹಾಳೆ ಬರೀ ಹಸಿರು ಎಂದು ಹೇಳಿ ಕೈತೊಳೆದುಕೊಂಡಿತ್ತು. ನಾನೋ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಆಧಾರವಿಲ್ಲದ ಮಾತು ನನಗೆ ಪಥ್ಯವಲ್ಲ. ಹಳೇ ಪುಸ್ತಕದಂಗಡಿಯಲ್ಲಿ ಅದೇ ಕಾರಿನ ಬಣ್ಣದ ಚಿತ್ರವಿದ್ದ ಪತ್ರಿಕೆಯೊಂದು ಕೈಗೆ ಹತ್ತಿದಾಗ ಶಾಸನವೇ ಸಿಕ್ಕಿದಷ್ಟು ಹಿಗ್ಗಿದೆ. ಹೆಂಡತಿ ಮಾತ್ರ, ನಮ್ಮ ಬಾಗಿಲು ಬಣ್ಣ ಕಂಡು ಎಷ್ಟು ವರ್ಷವಾಯಿತೆಂದು ಕೇಳಿದಳು.

ಹರಿಹರದಲ್ಲಿ, ಲಾರಿಗಳಿಗೆ ಬಣ್ಣ ಹೊಡೆಯುವ ಶೆಡ್ಡೊಂದರಲ್ಲಿ, ದಾದಾಪೀರ್ ಎಂಬ ಹಿರಿಯರು ಎಂಥ ಬಣ್ಣವನ್ನಾದರೂ ಕಣ್ಣಳತೆಯಲ್ಲೇ ಬೆರೆಸಿಕೊಡುತ್ತಾರೆಂದು ಕೇಳಿ ಬಸ್ಸು ಹತ್ತಿದೆ. ಲಾರಿಯ ಒಂದೇ ಬಾಗಿಲು ಜಜ್ಜಿದ್ದರೆ, ಹಳೆಯ ಬಣ್ಣದೊಳಗೆ ಹೊಸದು ಗೊತ್ತಾಗದಂತೆ ಸೇರಿಸುವುದು ಅವರ ಕಸುಬು. ಹಸಿರಿಗೆ ಹನಿಹನಿಯಾಗಿ ಕಪ್ಪು, ಹಳದಿ ಕೂಡಿಸಿ, ಹೆಬ್ಬೆರಳಿನ ಉಗುರಿಗೆ ಹಚ್ಚಿಕೊಂಡು, ಶೆಡ್ಡಿನಿಂದ ಆಚೆ ಬಂದು, ಬಿಸಿಲಿನಲ್ಲಿ ಆ ಉಗುರನ್ನು ಚಿತ್ರದ ಪಕ್ಕ ಹಿಡಿದು ನೋಡಿದರು. ಸೀಸೆಗೆ ತುಂಬಿಕೊಡುವಾಗ, ಒಣಗಿದ ಮೇಲೆ ಹಗಲಿನಲ್ಲಿ ಹೊರಗೆ ತಂದು ನೋಡಬೇಕೆಂದು ಎರಡು ಸಲ ಹೇಳಿದರು.

ನಾನು ನೋಡಿದ್ದು ಕಾಲೇಜು ಮುಗಿಸಿ ಬಂದು, ನಡುಮನೆಯ ಟ್ಯೂಬ್‌ಲೈಟಿನ ಕೆಳಗೆ. ಬೇರೆಯಾಗಿಯೇ ಕಂಡಿತು. ಮರುವಾರ ಹೋಗಿ ನೀಲಿ ಹೆಚ್ಚಾಗಿದೆ ಎಂದೆ. ಅದರ ಮರುವಾರ ಮಂಕಾಯಿತು ಎಂದೆ. ಮೊದಲನೆಯದೇ ಸರಿಯಿತ್ತೆಂದು ಗೊಣಗುತ್ತಲೇ ಅವರು ನಾನು ಹೇಳಿದಂತೆ ಬದಲಿಸಿಕೊಟ್ಟರು. ನಾಲ್ಕನೆಯ ಸೀಸೆಯೂ ಒಪ್ಪದಿದ್ದಾಗ ನನ್ನ ತಾಳ್ಮೆ ಕೆಟ್ಟಿತು. ಶೆಡ್ಡಿನ ಮಾಲೀಕರು, ಇಬ್ಬರು ಲಾರಿ ಚಾಲಕರು ಪಕ್ಕದಲ್ಲೇ ನಿಂತಿದ್ದಾರೆಂಬುದನ್ನೂ ನೋಡದೆ ಅಂದುಬಿಟ್ಟೆ:

"ನಿಮ್ ಕಣ್ಣಿಗೆ ಮಂಜು ಬಂದೈತೆ. ಬಣ್ಣ ಬೆರ್ಸೋ ಕೆಲ್ಸ ಇನ್ನು ಬಿಟ್ಬಿಡ್ರಿ."

ನೋಡದೆ ಎಂದು ಬರೆದದ್ದು ಸುಳ್ಳು. ನೋಡಿಯೇ ಅಂದೆ, ಕೇಳುವವರು ಇದ್ದರೆಂದೇ ದನಿ ಏರಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದಾದಾಪೀರ್ ಉಗುರಿನ ಬಣ್ಣ ಒರೆಸಿಕೊಂಡರು.

ಒಂದು ಭಾನುವಾರ ಮಧ್ಯಾಹ್ನ ಕರೆಂಟು ಹೋಗಿತ್ತು. ಸೆಕೆ ತಾಳದೆ ಪತ್ರಿಕೆ, ಸೀಸೆಗಳ ಸಮೇತ ಅಂಗಳಕ್ಕೆ ಬಂದು, ರಟ್ಟಿನ ಮೇಲೆ ಹಚ್ಚಿ ಒಣಗಿಸಿದ್ದ ನಾಲ್ಕು ಹಸಿರುಗಳನ್ನು ಸುಮ್ಮನೆ ಚಿತ್ರದ ಪಕ್ಕ ಇಟ್ಟೆ. ಮೊದಲನೆಯದು ಚಿತ್ರದೊಳಗೆ ಸೇರಿಹೋಯಿತು. ಕೂದಲೆಳೆಯ ಅಂತರವೂ ಇರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಅವಳಿಗಿಂತ ಒಂದು ಕೈ ಮೇಲು, ನೆಲ ಮಾಡಿದವನನ್ನೇ ಬೈದು ಬಂದಿದ್ದೆ. ಆಧಾರವನ್ನು ಯಾವ ಬೆಳಕಿನಲ್ಲಿ ಓದಿದಿರಿ ಎಂದು ವರ್ಷವರ್ಷವೂ ವಿದ್ಯಾರ್ಥಿಗಳನ್ನು ಕೇಳುವ ನಾಲಗೆ ನನ್ನದು. ಅಂಗಳದಲ್ಲಿ ಒಬ್ಬನೇ ಇದ್ದರೂ ನಾಚಿಕೆಯಿಂದ ಮುಖ ಬಿಸಿಯಾಯಿತು.

ಆ ಬಣ್ಣವನ್ನೇ ಕಾರಿಗೆ ಹಚ್ಚಿ, ಒಣಗಿಸಿ, ಹರಿಹರಕ್ಕೆ ಒಯ್ದೆ. ದಾದಾಪೀರ್ ನೆಲದ ಮೇಲೆ ಕೂತು ಟ್ರ್ಯಾಕ್ಟರಿನ ಮಡ್‌ಗಾರ್ಡನ್ನು ಉಪ್ಪುಕಾಗದದಿಂದ ತಿಕ್ಕುತ್ತಿದ್ದರು. ಬಣ್ಣ ಬೆರೆಸುವ ಜಾಗದಲ್ಲಿ ಬೇರೊಬ್ಬನಿದ್ದ. ಓದಿದವರೇ ಎಲ್ಲರೆದುರು ಹೇಳಿದ ಮೇಲೆ ಇನ್ನೇನು ಎಂದು ಮಾಲೀಕರು ಮರುದಿನವೇ ಅವರನ್ನು ತಿಕ್ಕುವ ಕೆಲಸಕ್ಕೆ ಹಾಕಿದ್ದರಂತೆ. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ತಪ್ಪೆಲ್ಲ ನನ್ನದು, ನಿಮ್ಮ ಕಣ್ಣು ಸರಿಯಾಗಿಯೇ ಇತ್ತು ಎಂದು ಮೆಲ್ಲಗೆ ಹೇಳಿದೆ. ಅವರು ಕಾರನ್ನು ತೆಗೆದುಕೊಂಡು ಬಿಸಿಲಿಗೆ ಹೋಗಿ, ತಿರುಗಿಸಿ ತಿರುಗಿಸಿ ನೋಡಿ, ಮರಳಿ ತಂದು ನನ್ನ ಕೈಯಲ್ಲಿಟ್ಟರು.

"ಅವತ್ತು ಎಲ್ರ ಮುಂದೆ ಅಂದ್ರಿ ಸಾರ್. ಇವತ್ತು ಯಾಕ ಕಿವ್ಯಾಗೆ ಹೇಳ್ತೀರಿ?"

ಮಾಲೀಕರು ಹತ್ತು ಹೆಜ್ಜೆಯಾಚೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಮ್ಮೆ ಕರೆದಿದ್ದರೆ ಎದ್ದು ಬರುತ್ತಿದ್ದರು. ಐವತ್ತು ಹುಡುಗರ ಮುಂದೆ ದಿನಾ ಗಂಟೆಗಟ್ಟಲೆ ಮಾತಾಡುವ ನಾನು ಕೈಗಡಿಯಾರ ನೋಡಿಕೊಂಡೆ. ದಾವಣಗೆರೆಯ ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಹತ್ತು ನಿಮಿಷಕ್ಕೊಂದು ಬಸ್ಸಿದೆ ಎಂಬುದು ನನ್ನಷ್ಟೇ ಅವರಿಗೂ ಗೊತ್ತಿತ್ತು.