ಆ ಮೇಕೆಯ ಮರಿ

ಹೋದ ವರ್ಷ ಚಿಕ್ಕಮ್ಮನಿಗೆ ಕಡೂರಿನಲ್ಲಿ ಕಣ್ಣಿನ ಪೊರೆ ತೆಗೆಸಿದ ಮೇಲೆ, ಬುಕ್ಕಾಂಬುಧಿಯ ಸೌದೆ ಒಲೆಯ ಹೊಗೆಗೆ ಅವಳನ್ನು ಮತ್ತೆ ಬಿಡುವುದು ಬೇಡವೆಂದು ತರೀಕೆರೆಗೆ, ನನ್ನ ಮನೆಗೇ ಕರೆತಂದೆ. ಟಿವಿ ನೋಡುವ ಹಾಗಿಲ್ಲ, ಬಗ್ಗುವ ಹಾಗಿಲ್ಲ, ತಲೆಗೆ ನೀರು ಹಾಕುವ ಹಾಗಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಕೂತವಳದು ದಿನವೆಲ್ಲ ಒಂದೇ ರಾಗ: "ಊರಿಗೆ ಬಿಟ್‌ ಬಾರೇ." ನಾನೂ ಮೊಂಡಿಯೇ, ಬಿಡಲಿಲ್ಲ.

ಚಿಕ್ಕಮ್ಮ ಅಂದರೆ ಅಪ್ಪನ ತಮ್ಮನ ಹೆಂಡತಿ. ನನ್ನನ್ನು ಹೆತ್ತ ಮೇಲೆ ಅಮ್ಮನಿಗೆ ಜ್ವರ ಹಿಡಿದು ಎದೆಹಾಲು ಬತ್ತಿಹೋಯಿತಂತೆ. ಅದೇ ಸಮಯಕ್ಕೆ ಚಿಕ್ಕಮ್ಮನ ಚೊಚ್ಚಲ ಕೂಸು ತೀರಿಕೊಂಡಿತ್ತು. ಅವಳ ಹಾಲು ಕುಡಿದು ನಾನು ಉಳಿದೆ. ಮನೆಗೆ ಯಾರೇ ಬರಲಿ, "ಇವ್ಳು ಚಿಕ್ಕಮ್ಮನ ಹಾಲು ಕುಡಿದು ಬೆಳೆದೋಳು" ಎಂದು ನಮ್ಮವರು ಹೆಮ್ಮೆಯಿಂದ ಹೇಳುತ್ತಿದ್ದರು. ಹೋದ ಕೂಸಿನ ಮಾತನ್ನು ಮಾತ್ರ ಒಬ್ಬರೂ ಎತ್ತಲಿಲ್ಲ. ಅದು ಗಂಡೋ ಹೆಣ್ಣೋ ಅನ್ನುವುದೂ ನನಗೆ ತಿಳಿದಿರಲಿಲ್ಲ. ಅವಳಿರುವಾಗಲೇ ಅವಳ ಬಾಯಿಂದ ಒಮ್ಮೆ ಕೇಳಬೇಕೆಂಬ ಆಸೆ ವಯಸ್ಸಾದಂತೆಲ್ಲ ಹೆಚ್ಚುತ್ತಿತ್ತು. ಊರಿಗೆಲ್ಲ ಬಾಯಿ ಮಾಡುವವಳು ನಾನು, ಇದನ್ನು ಕೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಸಂಜೆ ಅವಳಿಗೆ ಹೊತ್ತು ಹೋಗಲೆಂದು ಅವತ್ತವತ್ತಿನ ಪಾಠವನ್ನೇ ಒಪ್ಪಿಸುತ್ತಿದ್ದೆ. ಒಂದು ದಿನ ಗುರುಗ್ರಹದ ಚಂದ್ರರ ಸರದಿ ಬಂತು. ನಮ್ಮ ಪುಸ್ತಕದವರು ನಾಲ್ಕು ದೊಡ್ಡ ಚಂದ್ರರ ಹೆಸರು ಬರೆದು, ಉಳಿದವು ಚಿಕ್ಕವು ಎಂದು ಕೈ ತೊಳೆದುಕೊಂಡಿದ್ದಾರೆ. ನನಗದು ಸೇರುವುದಿಲ್ಲ. ಚಿಕ್ಕವರಿಗೇನು ಹೆಸರಿರುವುದಿಲ್ಲವೇ? ಆ ನಾಲ್ಕಕ್ಕಿಂತಲೂ ಗುರುವಿಗೆ ಹತ್ತಿರದಲ್ಲಿ ಅಮಾಲ್ಥಿಯ ಎಂಬ ಪುಟ್ಟ ಚಂದ್ರ ಸುತ್ತುತ್ತದೆ. ದುಂಡಗೂ ಇಲ್ಲ, ಆಗತಾನೇ ಅಗೆದ ಗೆಣಸಿನ ಹಾಗೆ ಕೆಂಪಗೆ, ಸೊಟ್ಟಸೊಟ್ಟಗೆ ಇದೆ.

"ಅದ್ಯಾವ ಹೆಸ್ರೇ ಅದು?" ಅಂದಳು ಚಿಕ್ಕಮ್ಮ.

ಗ್ರೀಕರ ಕಥೆ ಹೇಳಿದೆ. ಅವರ ದೊಡ್ಡ ದೇವರ ಅಪ್ಪ ಹುಟ್ಟಿದ ಮಕ್ಕಳನ್ನೆಲ್ಲ ನುಂಗುತ್ತಿದ್ದ. ಈ ಒಂದು ಕೂಸನ್ನು ತಾಯಿ ಹೇಗೋ ಗುಹೆಯಲ್ಲಿ ಬಚ್ಚಿಟ್ಟಳು. ಅಲ್ಲಿ ಅದಕ್ಕೆ ಹಾಲು ಕೊಟ್ಟು ಸಾಕಿದ ಮೇಕೆಯೇ ಅಮಾಲ್ಥಿಯ. ಆ ಕಡೆಯವರಿಗೆ ಗುರುಗ್ರಹವೆಂದರೆ ಆ ದೇವರೇ, ಅದಕ್ಕೇ ಪಕ್ಕದ ಚಂದ್ರನಿಗೆ ಮೇಕೆಯ ಹೆಸರು.

"ನಮ್ ಕಂಸನ ಕಥೆನೇ ಬಿಡು," ಎಂದು ನಕ್ಕಳು. ಆಮೇಲೆ ಕೇಳಿದಳು: "ಅದ್ರ ಮರಿ ಏನಾಯ್ತು?"

"ಯಾವುದರ ಮರಿ?"

"ಮೇಕೆದು ಕಣೇ. ಈಯದೆ ಹಾಲೆಲ್ಲಿಂದ ಬತ್ತದೆ? ಮರಿ ಇದ್ದಿರ್ಬೇಕಲ್ಲ."

ಎಷ್ಟೋ ವರ್ಷದಿಂದ ಈ ಕಥೆಯನ್ನು ತರಗತಿಯಲ್ಲಿ ಹೇಳುತ್ತಿದ್ದೇನೆ. ಯಾರೂ ಇದನ್ನು ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. "ಗೊತ್ತಿಲ್ಲ ಚಿಕ್ಕಮ್ಮ, ನಾನು ಓದಿದ ಕಡೆ ಬರೆದಿರಲಿಲ್ಲ," ಅಂದೆ. ಈಗ ಬಿಟ್ಟರೆ ಇನ್ನಿಲ್ಲ ಅನ್ನಿಸಿತು. ಕೇಳಿಯೇಬಿಟ್ಟೆ: "ನಿನ್ನ ಕೂಸಿಗೆ ಏನಾಗಿತ್ತು?"

ಕನ್ನಡಕದ ಹಿಂದೆ ಅವಳ ಕಣ್ಣು ಕಾಣಲಿಲ್ಲ. ದನಿ ಮಾತ್ರ ಬೇರೆಯಾಗಿತ್ತು. "ಕೆಮ್ಮು ಕಣೇ. ಅಜ್ಜಂಪುರದ ಆಸ್ಪತ್ರೆಗೆ ಅಂತ ಗಾಡಿ ಕಟ್ಟೋ ಹೊತ್ಗೆ ಹೋಗ್ಬಿಡ್ತು."

ನಿನ್ನ ಹಾಲಿನ ಋಣ ಈ ಜನ್ಮದಲ್ಲಿ ತೀರಲ್ಲ ಅಂತ ಏನೋ ಹೇಳಲು ಹೋದೆ. ಅವಳಿಗೆ ರೇಗಿತು.

"ಋಣ ಗಿಣ ಅನ್ಬೇಡ. ಎಲ್ರೂ ಅದನ್ನೇ ಅಂತಾರೆ. ಕೂಸು ಹೋದ್ರೂ ಹಾಲು ನಿಲ್ಲಲ್ಲ. ಎದೆ ಕಟ್ಕೊಂಡು ಕಲ್ಲಾಗಿತ್ತು. ಹಿಂಡಿ ಗಿಡದ ಬುಡಕ್ಕೆ ಹಾಕು ಅಂದ್ರು ಅತ್ತೆ. ನಂಗೆ ಕೈ ಬರ್ಲಿಲ್ಲ. ಅತ್ಲಾಗೆ ಕೋಣೇಲಿ ನೀನು ಅಳ್ತಿದ್ದೆ. ಹೋಗಿ ಎತ್ಕೊಂಡೆ. ನೀನು ಕುಡಿದ್ಮೇಲೇ ನಂಗೆ ನಿದ್ದೆ ಬಂದಿದ್ದು."

ನನಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಕೇಳಿದೆ, ಗಂಡೋ ಹೆಣ್ಣೋ ಎಂದು.

"ಹೆಣ್ಣು. ನಿಂಗಿಂತ ದೊಡ್ಡೋಳು. ಇದ್ದಿದ್ರೆ ಅಕ್ಕ ಅಂತಿದ್ದೆ ನೀನು."

ನಮ್ಮ ಮನೆಯಲ್ಲಿ ಆಮೇಲೆ ಹುಟ್ಟಿದ ಮಕ್ಕಳೆಲ್ಲ, ಚಿಕ್ಕಮ್ಮನ ಮಗನೂ ಸೇರಿ, ಇವತ್ತಿಗೂ ಅಕ್ಕ ಅನ್ನುವುದು ನನ್ನನ್ನು. ಇಷ್ಟು ವರ್ಷವೂ ಹಾಗೆ ಕರೆದಾಗಲೆಲ್ಲ ಚಿಕ್ಕಮ್ಮ ಅಲ್ಲೇ ಎಲ್ಲೋ ಇದ್ದು, ಅದನ್ನು ಕೇಳಿಸಿಕೊಳ್ಳುತ್ತಿದ್ದಳು.